ಕೋತರ ಮಡಕೆಯಿಂದ ಕವರಿನವರೆಗೆ

ದಸರಾ ರಜೆಯಲ್ಲಿ ನಾಲ್ಕು ದಿನ ತುಮ್ಮನಟ್ಟಿಗೆ ಹೋಗಿದ್ದೆ. ಊಟಿಯಿಂದ ಕೋಟಗಿರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಬಡಗರ ಊರು. ನನ್ನ ಜೊತೆ ಪಾಠ ಮಾಡುವ ಮೇಷ್ಟ್ರ ಹುಟ್ಟೂರು ಅದು. ನಾವಿರುವ ತಾಳವಾಡಿ ಕಡೆಯಿಂದ ಅಲ್ಲಿಗೆ ಹೋಗಬೇಕೆಂದರೆ ತಮಿಳುನಾಡಿನಿಂದ ಹೊರಟು, ಕರ್ನಾಟಕಕ್ಕೆ ಬಂದು, ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ ಮತ್ತೆ ತಮಿಳುನಾಡಿಗೇ ಹೋಗಬೇಕು!

ಹೋಗುವಾಗ ಮನೆಯಿಂದ ಅವರೆಕಾಳು, ಹುರಿಗಡಲೆ, ಬೆಲ್ಲ ಎಲ್ಲವನ್ನೂ ಬೇರೆ ಬೇರೆ ಕವರಿನಲ್ಲಿ ಕಟ್ಟಿ ಒಯ್ದಿದ್ದೆ. ಗಡಿಯ ತಪಾಸಣೆಯಲ್ಲಿ ಬ್ಯಾಗು ಬಿಚ್ಚಿಸಿದರು. ಕವರುಗಳನ್ನು ಅಲ್ಲೇ ಬಿಟ್ಟು, ಕಾಳನ್ನು ನನ್ನ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹೊರಟೆ. ತಪ್ಪು ನನ್ನದೇ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಇದೆ ಎಂದು ಮಕ್ಕಳಿಗೆ ಪಾಠ ಮಾಡುವವನೇ ನಾನು.

ಆ ಟವೆಲ್ ಗಂಟನ್ನು ಬಿಚ್ಚುವಾಗ ಮೇಷ್ಟ್ರ ಅಜ್ಜಿ ನಕ್ಕರು. ಅವರ ಕಾಲದಲ್ಲಿ ಎಲ್ಲರೂ ಹಾಗೇ ತರುತ್ತಿದ್ದರಂತೆ. ಆಮೇಲೆ ಅಟ್ಟದ ಮೇಲಿಂದ ಒಂದು ಕರಿ ಮಡಕೆ ಇಳಿಸಿ ತೋರಿಸಿದರು. ಅವರ ಅತ್ತೆಯ ಕಾಲದ್ದು, ಕೋತರು ಮಾಡಿದ್ದು. ಈಗ ಅದರಲ್ಲಿ ಉಪ್ಪು ಇಡುತ್ತಾರೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಬಡಗರು ಎಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ ಅಜ್ಜಿ ನಿಧಾನವಾಗಿ ಮಾತನಾಡಿದರೆ ನನಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಅವರು ಬಂದಾಗ ಬೆಟ್ಟದಲ್ಲಿ ತೊದವರು, ಕೋತರು, ಕುರುಂಬರು ಆಗಲೇ ಇದ್ದರು. ಈ ನಾಲ್ಕು ಜನಾಂಗದವರ ನಡುವೆ ಹಣವಿಲ್ಲದೆ ಒಂದು ಕೊಡು-ಕೊಳ್ಳುವ ವ್ಯವಸ್ಥೆ ನಡೆಯುತ್ತಿತ್ತು. ತೊದವರು ಎಮ್ಮೆ ಸಾಕಿ ತುಪ್ಪ ಕೊಡುತ್ತಿದ್ದರು. ಬಡಗರು ಧಾನ್ಯ ಬೆಳೆಯುತ್ತಿದ್ದರು. ಕುರುಂಬರು ಕಾಡಿನಿಂದ ಜೇನು, ಬಿದಿರಿನ ಬುಟ್ಟಿ ತರುತ್ತಿದ್ದರು. ಕೋತರ ಗಂಡಸರು ಕಬ್ಬಿಣದ ಕೆಲಸ, ಮರಗೆಲಸ ಮಾಡಿದರೆ ಹೆಂಗಸರು ಮಡಕೆ ಮಾಡುತ್ತಿದ್ದರು. ಒಂದೊಂದು ಬಡಗ ಮನೆಗೆ ಇಂಥ ಕೋತ ಮನೆ ಎಂಬ ಸಂಬಂಧ ತಲೆಮಾರುಗಳಿಂದ ಇರುತ್ತಿತ್ತು. ಮಡಕೆ ಒಡೆದರೆ ಅಲ್ಲಿಂದ ಹೊಸದು, ಸುಗ್ಗಿಯಲ್ಲಿ ಇಲ್ಲಿಂದ ಧಾನ್ಯ. ಹಾಗೆಂದು ಇದನ್ನು ಬರೀ ಹೊಗಳಲಾರೆ. ಇದರಲ್ಲಿ ಮೇಲು-ಕೀಳೂ ಇತ್ತು, ಕೋತರನ್ನು ಕೆಳಗಿನವರೆಂದು ಕಾಣುತ್ತಿದ್ದರು.

ಅಂದರೆ ಒಂದು ಅಡುಗೆಮನೆಯ ಕಾಳು, ಹಿಟ್ಟು, ಹಾಲು, ತುಪ್ಪ ಯಾವುದರಲ್ಲಿ ಇರಬೇಕು ಎಂಬುದಕ್ಕೆ ಇಡೀ ಬೆಟ್ಟವೇ ಸೇರಿಕೊಂಡಿತ್ತು. ಇಲ್ಲಿ ಎರಡೂ ಮುಂಗಾರುಗಳ ಮಳೆ, ಮಂಜು, ಥಂಡಿ. ಒಲೆಯ ಮೇಲಿನ ಅಟ್ಟದ ಹೊಗೆ, ಬಿಸಿ ತಾಗಿ ಕಾಳು ಒಣಗಿರುತ್ತಿತ್ತು. ನಮ್ಮ ಬಯಲು ಸೀಮೆಯಲ್ಲಿ ಇದೇ ಕೆಲಸಕ್ಕೆ ರಾಗಿಯ ಹಗೇವು, ಗುಡಾಣ, ಕಾಳಿಗೆ ಕೆಮ್ಮಣ್ಣು ಸವರುವ ಪದ್ಧತಿ ಇದ್ದವು.

ಅಮೆರಿಕದ ಡೇವಿಡ್ ಮ್ಯಾಂಡೆಲ್‌ಬಾಮ್ 1937-38ರಲ್ಲಿ ಕೋತರ ನಡುವೆ ಇದ್ದು ಅಧ್ಯಯನ ಮಾಡುವ ಹೊತ್ತಿಗೆ ಈ ಸಂಬಂಧ ಆಗಲೇ ಮುರಿಯುತ್ತಿತ್ತು. ಸಂತೆಯಲ್ಲಿ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬಂದಿದ್ದವು, ಆಲೂಗಡ್ಡೆ ಮಾರಿದ ಹಣ ಕೈಯಲ್ಲಿತ್ತು. ಓದು ಕಲಿತ ಬಡಗರಿಗೆ ಹಳೆಯ ಕಟ್ಟುಪಾಡು ಬೇಡವಾಗಿತ್ತು. ಮಡಕೆಯ ಜಾಗಕ್ಕೆ ಮೊದಲು ಬಂದದ್ದು ಡಬ್ಬ. ಕವರ್ ಬಂದದ್ದು ಬಹಳ ತಡವಾಗಿ.

ಕವರಿನ ಕಥೆ ಚಿಕ್ಕದು. ಪಾಲಿಥೀನ್ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ 1933ರಲ್ಲಿ ಅಕಸ್ಮಾತ್ತಾಗಿ ಸಿಕ್ಕಿತು. ಈಗ ನಾವು ಕಾಣುವ ಕೈಹಿಡಿಯ ಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು 1965ರಲ್ಲಿ ಪೇಟೆಂಟ್ ಪಡೆಯಿತು. ನಮ್ಮ ದೇಶದಲ್ಲಿ 1999ರ ನಿಯಮ ಬಂದಾಗಲೇ, ಮರುಬಳಕೆ ಪ್ಲಾಸ್ಟಿಕ್ಕಿನ ಚೀಲದಲ್ಲಿ ವ್ಯಾಪಾರಿಗಳು ಆಹಾರ ತುಂಬಿಕೊಡಬಾರದು ಎಂದು ಹೇಳಿತ್ತು. ಎಷ್ಟು ಜನ ಓದಿದರೋ!

ನೀಲಗಿರಿ ಮಾತ್ರ ಬೇಗ ಎಚ್ಚೆತ್ತಿತು. 2000ದ ಆಸುಪಾಸಿನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು ಅವರು 'ಆಪರೇಷನ್ ಬ್ಲೂ ಮೌಂಟನ್' ಎಂಬ ಆಂದೋಲನ ನಡೆಸಿ ಪ್ಲಾಸ್ಟಿಕ್ ಚೀಲಗಳನ್ನು ತಡೆದರು. ಬಾಂಗ್ಲಾದೇಶ ತೆಳು ಚೀಲ ನಿಷೇಧಿಸಿದ್ದು 2002ರಲ್ಲಿ. ಕರ್ನಾಟಕದ ನಿಷೇಧ ಬಂದದ್ದು 2016ರಲ್ಲಿ, ಇಡೀ ತಮಿಳುನಾಡಿನದು 2019ರ ಜನವರಿ 1ರಿಂದ. 2021ರ ಡಿಸೆಂಬರಿನಲ್ಲಿ ಹಳದಿ ಬಟ್ಟೆ ಚೀಲವನ್ನು ಮತ್ತೆ ತರುವ 'ಮೀಂಡುಮ್ ಮಂಜಪ್ಪೈ' ಯೋಜನೆ ಬಂತು.

ಆದರೆ ಕಾನೂನು ಅಂಗಡಿಯ ಬಾಗಿಲವರೆಗೆ ಬರುತ್ತದೆ, ಅಡುಗೆಮನೆಗೆ ಬರುವುದಿಲ್ಲ. 2019ರಲ್ಲೂ ಹಾಲು, ಎಣ್ಣೆ ಪೊಟ್ಟಣಗಳಿಗೆ ವಿನಾಯಿತಿ ಇತ್ತು. ತುಮ್ಮನಟ್ಟಿಯ ಆ ಮನೆಯಲ್ಲೂ ಮೇಷ್ಟ್ರ ಹೆಂಡತಿ ಹಾಲಿನ ಪೊಟ್ಟಣ ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಾರೆ, ಹಸಿಮೆಣಸಿನಕಾಯಿ ಹಾಕಿಡಲು. ಬಿಸಾಡಿದರೆ ಕಡವೆಗಳು ತಿನ್ನುತ್ತವೆ ಎನ್ನುತ್ತಾರೆ. ಅದೂ ಸರಿಯೇ. ಆದರೆ ಸೊಪ್ಪನ್ನು ಅವರೂ ಕವರಿನಲ್ಲಿ ಇಡುವುದಿಲ್ಲ. ಸೊಪ್ಪು ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ. ಕವರಿನೊಳಗೆ ಅದು ಬೆವರಿ ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಹೆಚ್ಚು ದಿನ ಚೆನ್ನಾಗಿರುತ್ತದೆ. ಇದನ್ನು ನಾನು ಊರಿಗೆ ಬಂದು ಮಾಡಿಯೇ ನೋಡಿದೆ.

ಅದೇ ದಿನ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದ್ದ, ಕವರ್ ತುಂಬಿದ ಕವರನ್ನೂ ಇಳಿಸಿ ಎಣಿಸಿದೆ. ನಲವತ್ತಮೂರು ಇದ್ದವು. ನಮ್ಮವಳು, "ಎಣಿಸಿದ್ದಾಯ್ತಲ್ಲ, ಈಗ ಡಬ್ಬ ತಂದ್ಕೊಡಿ" ಎಂದಳು. ಸಂತೆ ಗುರುವಾರ. ಆರು ಡಬ್ಬ, ಎರಡು ಮಡಕೆ ಎಂದು ಚೀಟಿ ಬರೆದು ಕೊಟ್ಟಿದ್ದಾಳೆ.