ಕಂಡದ್ದು, ಕೇಳಿದ್ದು ಮತ್ತು ಕಲ್ಲಿನ ರಥದ ಗೆರೆ



ಕಳೆದ ವಾರ ಮೊಮ್ಮಗಳು ಹಂಪಿಗೆ ಹೋಗಿಬಂದಳು. ಶಾಲೆಯ ವಾರ್ಷಿಕ ಸಂಚಿಕೆಗೆ ಪ್ರವಾಸಲೇಖನವೊಂದನ್ನು ಬರೆದುಕೊಡಬೇಕಂತೆ. “ತಾತ, ಪುಸ್ತಕದಲ್ಲಿ ಇರೋದನ್ನ ಬರೀಲಾ, ನಾನು ನೋಡಿದ್ದನ್ನ ಬರೀಲಾ?” ಎಂದು ಕೇಳಿದಳು. ಎರಡನ್ನೂ ಬರೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೂವತ್ತೈದು ವರ್ಷ ಇತಿಹಾಸವನ್ನು ಬೋಧಿಸಿದ ನನ್ನ ಮೇಲೆ ಈ ಪ್ರಶ್ನೆಗೆ ಸಂಬಂಧಿಸಿದ ಹಳೆಯ ಋಣವೊಂದಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಯಾರನ್ನೇ ವಿಜಯನಗರದ ಬಗ್ಗೆ ಕೇಳಿದರೂ ಬರುವ ಮೊದಲ ಮಾತು, ಅಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು ಎಂಬುದು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೇನೆ. ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಬಂದ ಅಬ್ದುರ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ರತ್ನಗಳು ಪೇಟೆಯಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿದ್ದುದನ್ನು ಬರೆದಿದ್ದಾರೆ. ಬಳ್ಳದ ಮಾತು ಮಾತ್ರ ಅವರದಲ್ಲ, ನಮ್ಮದು. ಅಭಿಮಾನದಿಂದ ಹುಟ್ಟಿ, ಬಾಯಿಂದ ಬಾಯಿಗೆ ಹರಿದು, ಕೊನೆಗೆ ಪಾಠವೇ ಆಗಿಬಿಟ್ಟಿತು.

ಪಾಯೆಸನ ಬರಹವನ್ನು ನಾನು ಓದಿದ್ದು ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿನ ಇಂಗ್ಲಿಷ್ ಅನುವಾದದ ಮೂಲಕ. ಆ ವಿದೇಶಿಯನ ಪ್ರಾಮಾಣಿಕತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಪಟ್ಟಣ ಎಷ್ಟು ದೊಡ್ಡದೆಂದು ಹೇಳುವ ಮುನ್ನ ತಾನು ಒಂದು ಬೆಟ್ಟವನ್ನು ಹತ್ತಿ ನೋಡಿದೆನೆಂದು ತಿಳಿಸುತ್ತಾನೆ. ನಡುವೆ ಗುಡ್ಡಸಾಲುಗಳಿದ್ದುದರಿಂದ ಪಟ್ಟಣವೆಲ್ಲವೂ ಕಾಣಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಆಮೇಲೆಯೇ, ಕಂಡಷ್ಟು ಭಾಗವೇ ರೋಮ್ ನಗರದಷ್ಟು ದೊಡ್ಡದಾಗಿ ತೋರಿತೆನ್ನುತ್ತಾನೆ. ಜನಸಂಖ್ಯೆಯ ವಿಷಯ ಬಂದಾಗ, ಓದುವವರು ಕಟ್ಟುಕಥೆಯೆಂದು ತಿಳಿದಾರೆಂಬ ಭಯದಿಂದ ಅಂಕಿಯನ್ನೇ ಬರೆಯದೆ ಬಿಡುತ್ತಾನೆ. ಎಲ್ಲಿ ನಿಂತು ನೋಡಿದೆ, ಎಷ್ಟು ಕಂಡಿತು, ಏನು ಅನ್ನಿಸಿತು ಎಂಬ ಮೂರನ್ನೂ ಅವನು ಬೇರೆಬೇರೆಯಾಗಿಯೇ ಇಟ್ಟಿದ್ದಾನೆ.

ಅವನ ಸ್ವಂತ ಅನುಭವವನ್ನು ತೆಗೆದುಹಾಕಿದ್ದರೆ ಇತಿಹಾಸಕ್ಕೆ ನಷ್ಟವೇ ಆಗುತ್ತಿತ್ತು. ನಮ್ಮ ಕೃಷ್ಣದೇವರಾಯ ಮಧ್ಯಮ ಎತ್ತರದವನು, ತೆಳ್ಳಗಿನವನೆನ್ನುವುದಕ್ಕಿಂತ ತುಸು ಸ್ಥೂಲಕಾಯನೇ, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು ಎಂದು ಬರೆದವನು ಪಾಯೆಸನೇ. ಪ್ರಶಸ್ತಿಗಳನ್ನು ಬರೆಯುವ ಕವಿಗಳು ಸಿಡುಬಿನ ಕಲೆಯನ್ನು ಹೇಳುವವರಲ್ಲ. ಕೆರೆಯೊಂದರ ಕಾಮಗಾರಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳಂತೆ ಮುತ್ತಿ ದುಡಿಯುತ್ತಿದ್ದುದನ್ನು ಕಂಡೆನೆಂದೂ ಅವನು ಹೇಳುತ್ತಾನೆ. ಆ ಅಂಕಿ ಅಂದಾಜಿನದು. ಆದರೆ ಇರುವೆಗಳ ಆ ದೃಶ್ಯ ಕಣ್ಣಾರೆ ಕಂಡವನದು.

ಇದಕ್ಕೆ ಎದುರಾಗಿ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜನನ್ನು ನೋಡಿ. 1520ರ ರಾಯಚೂರು ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ಕಾಲಾಳುಗಳ ಲೆಕ್ಕವನ್ನು ಅವನು ಕೊಟ್ಟಿದ್ದಾನೆ. ಕೂಡಿಸಿದರೆ ಏಳು ಲಕ್ಷವನ್ನು ಮೀರುತ್ತದೆ. ಅವನು ಬರೆದದ್ದು ಸುಮಾರು ಹದಿನೈದು ವರ್ಷಗಳ ಅನಂತರ, ಇತರರಿಂದ ಕೇಳಿ. ಅವನಿಂದ ನಾವು ಕಲಿಯಬೇಕಾದದ್ದು ಬಹಳವಿದೆ, ಆದರೆ ಆ ಅಂಕಿಯನ್ನು ಪಾಯೆಸನ ಬೆಟ್ಟದ ಪಕ್ಕದಲ್ಲಿ ಕೂರಿಸಲಾಗದು.

ಕಣ್ಣಿನ ಸಾಕ್ಷಿ ಕೆಲವೊಮ್ಮೆ ನಮ್ಮ ದುಃಖವನ್ನೂ ತಿದ್ದುತ್ತದೆ. 1565ರ ತಾಳಿಕೋಟೆ ಯುದ್ಧದ ತರುವಾಯ ವಿಜಯನಗರ ಸಂಪೂರ್ಣ ನೆಲಸಮವಾಯಿತೆಂದು ನಾವು ಹೇಳುತ್ತ ಬಂದಿದ್ದೇವೆ. 1567ರಲ್ಲಿ ಅಲ್ಲಿಗೆ ಬಂದು ತಿಂಗಳುಗಟ್ಟಲೆ ತಂಗಿದ್ದ ವೆನಿಸ್‌ನ ವರ್ತಕ ಚೆಸಾರೆ ಫೆದರಿಚಿ, ಮನೆಗಳು ಇನ್ನೂ ನಿಂತಿವೆ, ಒಳಗೆ ಜನರಿಲ್ಲ, ಹುಲಿ ಮೊದಲಾದ ಕಾಡುಮೃಗಗಳು ವಾಸಿಸುತ್ತಿವೆ ಎಂದು ಬರೆದ. ನನಗಂತೂ ಬಿದ್ದ ಗೋಡೆಗಳಿಗಿಂತ ನಿಂತ ಬರಿಮನೆಗಳ ಚಿತ್ರವೇ ಹೆಚ್ಚು ಸಂಕಟ ತರುತ್ತದೆ.

ಈಗ ನನ್ನ ಋಣದ ವಿಚಾರ.

1978ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥದ ಮುಂದೆ ನಿಂತು, “ಇದು ಏಕಶಿಲಾ ರಥ. ಒಂದೇ ಬಂಡೆಯಿಂದ ಕಡೆದದ್ದು” ಎಂದು ಗಟ್ಟಿಯಾಗಿ ಹೇಳಿದೆ. ಹುಡುಗನೊಬ್ಬ ರಥದ ಬಳಿ ಕುಕ್ಕರುಗಾಲಿನಲ್ಲಿ ಕೂತು, “ಸಾರ್, ಇಲ್ಲಿ ಗೆರೆ ಇದೆ ಸಾರ್. ಕಲ್ಲು ಜೋಡಿಸಿದ ಹಾಗಿದೆ” ಎಂದ. “ಅದು ಬಿರುಕು ಕಣೋ, ಎದ್ದು ಬಾ” ಎಂದು ಗದರಿದೆ. ಊರಿಗೆ ಮರಳಿದ ಮೇಲೆ ‘ನಾನು ಕಂಡ ಹಂಪಿ’ ಎಂಬ ಪ್ರಬಂಧವನ್ನು ಬರೆಸಿದೆ. ರಥಕ್ಕೆ ಕಲ್ಲು ಸೇರಿಸಿದ ಗೆರೆಗಳಿವೆ, ನಾನು ಬೆರಳಿನಿಂದ ಮುಟ್ಟಿ ನೋಡಿದೆ ಎಂದು ಅವನು ಬರೆದಿದ್ದ. ನಾನು ಕೆಂಪು ಶಾಯಿಯಿಂದ ಆ ಸಾಲನ್ನು ಹೊಡೆದು, ‘ಏಕಶಿಲೆ’ ಎಂದು ತಿದ್ದಿ, ಎರಡು ಅಂಕಗಳನ್ನು ಕಳೆದೆ.

ನಿವೃತ್ತಿಯ ಅನಂತರ, 2006ರಲ್ಲಿ, ಬಂಧುಗಳೊಂದಿಗೆ ಮತ್ತೆ ಹೋದಾಗ ಬಿಡುವಾಗಿ ನೋಡಿದೆ. ಹುಡುಗ ಹೇಳಿದ್ದು ನಿಜ. ಆ ರಥ, ಅಂದರೆ ಗರುಡನ ಗುಡಿ, ಏಕಶಿಲೆಯದಲ್ಲ. ಹಲವು ಶಿಲಾಖಂಡಗಳನ್ನು ಸಂದುಗಳು ಎದ್ದುಕಾಣದಂತೆ ಜಾಣ್ಮೆಯಿಂದ ಜೋಡಿಸಿ ಕಟ್ಟಿದ್ದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಇಂದು ಅದಿಲ್ಲ. ಹಂಪಿಯಲ್ಲಿ ಏಕಶಿಲೆಯ ಅದ್ಭುತ ಬೇಕೆಂದರೆ 1528ರ ಲಕ್ಷ್ಮೀನರಸಿಂಹ ಮೂರ್ತಿಯಿದೆ. ಸುಮಾರು 22 ಅಡಿ ಎತ್ತರದ ಅದನ್ನು ಒಂದೇ ಬಂಡೆಯಲ್ಲಿ ಕಡೆದಿದ್ದಾರೆ. ಇಲ್ಲದ ಹಿರಿಮೆಯನ್ನು ರಥಕ್ಕೆ ಹೊರಿಸಿ, ಕಲ್ಲು ಕೂಡಿಸಿದ ಶಿಲ್ಪಿಯ ನಿಜವಾದ ಹಿರಿಮೆಯನ್ನು ನಾನು ಮುಚ್ಚಿಟ್ಟಿದ್ದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಆ ರಥವನ್ನು ಕಂಡಾಗಲೆಲ್ಲ ನನಗೆ ಆ ಎರಡು ಅಂಕಗಳ ನೆನಪಾಗುತ್ತದೆ.

ಪುಸ್ತಕ ತಪ್ಪು, ಕಣ್ಣೇ ಸರಿ ಎಂದು ಇದರಿಂದ ಯಾರೂ ತಿಳಿಯಬಾರದು. ರಥ ಗರುಡನ ಗುಡಿಯೆಂದು ಬರಿಗಣ್ಣು ಹೇಳಲಾರದು, ನರಸಿಂಹನ ವರ್ಷವನ್ನು ಶಾಸನವೇ ಹೇಳಬೇಕು. ಆದ್ದರಿಂದ ಮೊಮ್ಮಗಳಿಗೆ ಹೀಗೆಂದೆ: “ನೋಡಿದ್ದನ್ನ ನೋಡಿದೆ ಅಂತ ಬರಿ, ಗೈಡು ಹೇಳಿದ್ದನ್ನ ಗೈಡು ಹೇಳಿದ ಅಂತ ಬರಿ, ಪುಸ್ತಕದ್ದನ್ನ ಪುಸ್ತಕದ್ದು ಅಂತಲೇ ಬರಿ ಮಗೂ. ಬಿಸಿಲಲ್ಲಿ ಕಾಲು ಸುಟ್ಟಿದ್ದನ್ನೂ ಬಿಡಬೇಡ.”

ಅಂದಿನ ಆ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಎರಡು ಅಂಕಗಳನ್ನು ಹಿಂದಿರುಗಿಸಿದ್ದೇನೆ. ತಡವಾಯಿತು, ಕ್ಷಮಿಸು.