ಅಠಾರ ಕಚೇರಿ ಅಂದ್ರೆ ಹೆದರ್ಕೋಬೇಡಿ

ನಮ್ಮ ಯಲಹಂಕದ ಮನೇಲಿ ಅಜ್ಜಿ ಇದ್ದಾಗ ಯಾರಾದ್ರೂ ಜಮೀನಿನ ಮಾತೆತ್ತಿದ್ರೆ ಸಾಕು, "ಅಠಾರ ಕಚೇರಿ ಮೆಟ್ಲು ಹತ್ತೋ ಗತಿ ಬೇಡವ್ವ" ಅನ್ನೋರು. ನಾನು ಅಟ್ಟ ಇರೋ ಕಚೇರಿ ಇರ್ಬೇಕು ಅನ್ಕೊಂಡಿದ್ದೆ. ಅದಲ್ಲ ಕಣ್ರೇ. ಅಠಾರಾ ಅಂದ್ರೆ ಹಿಂದೂಸ್ತಾನಿಲಿ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆ ಒಂದೇ ಸೂರಿನಡಿ ಕೂತಿದ್ವು, ಅದಕ್ಕೇ ಆ ಹೆಸರು.

ಅದಕ್ಕೆ ಮುಂಚೆ ಬ್ರಿಟಿಷ್ ಕಮಿಷನರುಗಳ ಆಫೀಸು ಇದ್ದಿದ್ದು ಕೋಟೆ ಹತ್ರದ ಟಿಪ್ಪು ಅರಮನೇಲಿ. ಜಾಗ ಸಾಲದೆ ಬೌರಿಂಗ್ ಕಮಿಷನರ್ ಆಗಿದ್ದಾಗ ಹೊಸದು ಕಟ್ಟೋಕೆ ಹೊರಟ್ರು. ಬೌರಿಂಗ್ ಆಸ್ಪತ್ರೆ ಅಂತೀವಲ್ಲ, ಅದೇ ಬೌರಿಂಗ್. ನಕ್ಷೆ ಮಾಡಿದ ಎಂಜಿನಿಯರ್ ಸ್ಯಾಂಕಿ. ಯಶವಂತಪುರದೋರಿಗೆ ಈ ಹೆಸರು ಹೇಳ್ಕೊಡಬೇಕಾಗಿಲ್ಲ, ಪಕ್ಕದಲ್ಲೇ ಸ್ಯಾಂಕಿ ಕೆರೆ ಇದೆ. ಕಟ್ಟಿಸಿದ ಕಂಟ್ರಾಕ್ಟರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಮುಂದೆ ಬಡಮಕ್ಕಳಿಗೆ ಶಾಲೆ ತೆಗೆದವರೂ ಅವರೇ. 1864ರಲ್ಲಿ ಶುರುವಾಗಿ 1868ಕ್ಕೆ ಮುಗೀತು.

ಎರಡೇ ಅಂತಸ್ತು, ಆದ್ರೆ ಉದ್ದಕ್ಕೆ ಮಲಗಿದೆ ಕಟ್ಟಡ. ಮೈಯೆಲ್ಲ ಕೆಂಪು, ಮಧ್ಯೆ ಬಿಳೀ ಅಂಚು. ಮುಖಮಂಟಪದ ದಪ್ಪ ಕಂಬಗಳ ತಲೆ ನೋಡಿ, ಎರಡೂ ಪಕ್ಕ ಚಕ್ಕುಲಿ ಸುತ್ತಿಟ್ಟ ಹಾಗೆ ಸುರುಳಿ ಇದೆ. ಅದು ಗ್ರೀಕರ ಮಾದರಿ. ಎದುರುಗಡೆ ವಿಧಾನಸೌಧದ ಕಲ್ಲು ನಮ್ಮ ಹೆಸರಘಟ್ಟ, ಮಲ್ಲಸಂದ್ರದ ಕಡೇದು. ನನ್ನ ಕೇಳಿದ್ರೆ ವಿಧಾನಸೌಧ ಮದುವೆಗೆ ಸಿಂಗರಿಸಿದ ಹಾಗಿದೆ, ಇದು ಮನೇಲಿ ಉಡೋ ಇಳಕಲ್ ಸೀರೆ ಥರ. ನಂಗೆ ಇದೇ ಇಷ್ಟ.

1956ರಲ್ಲಿ ವಿಧಾನಸೌಧ ಮುಗಿದ್ಮೇಲೆ ಇಲಾಖೆಗಳು ರಸ್ತೆ ದಾಟಿ ಹೋದ್ವು. ಕೆಂಪು ಕಟ್ಟಡ ಹೈಕೋರ್ಟಿನದಾಯ್ತು. ಅಂದ್ರೆ ಕಂದಾಯ ಕಟ್ಟು ಅಂತ ಹೆದರಿಸ್ತಿದ್ದ ಕಡೇನೇ ನ್ಯಾಯ ಕೇಳೋ ಜಾಗ ಆಯ್ತು. ಹೆಸರಿನ ಜೊತೆ ಅಂಟಿದ್ದ ಭಯ ಮಾತ್ರ ಬಿಡ್ಲಿಲ್ಲ.

ಆ ಭಯಕ್ಕೆ ನಾವು ಬೆಲೆ ಕಟ್ಟಿದೀವಿ. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತೀಲಿ ಗಂಡುಮಕ್ಕಳ ಸಮ ಪಾಲು ಅಂತ ಕಾನೂನು ಮಾಡ್ತು. ಅಷ್ಟೊತ್ತಿಗೆ ಮದುವೆಯಾಗಿದ್ದೋರಿಗೆ ಮಾತ್ರ ಸಿಗ್ಲಿಲ್ಲ. 2005ರಲ್ಲಿ ಕೇಂದ್ರದ ಕಾನೂನು ಆ ಭೇದ ತೆಗೀತು. ಹೊಲ ಎಲ್ಲ ಲೇಔಟ್ ಆಗ್ತಿದ್ದ ಕಾಲ ಅದು. ಎಷ್ಟು ಅಕ್ಕತಂಗೀರು ಒಂದು ಸೀರೆ, ಅರಿಶಿನ ಕುಂಕುಮ ತಗೊಂಡು ಹಕ್ಕು ಬಿಟ್ಟ ಪತ್ರಕ್ಕೆ ಸೈನು ಹಾಕಿ ಬಂದ್ರು! ಕೇಳಿದ್ರೆ, "ಕೋರ್ಟು ಕಚೇರಿ ಯಾರಿಗ್ಬೇಕು." ತವರು ಬೇಕು ಅಂತ ಬಿಟ್ಟಿದ್ರೆ ಅದು ಅವರಿಷ್ಟ. ಕಚೇರಿಗೆ ಹೆದರಿ ಬಿಟ್ಟಿದ್ದು ನಂಗೆ ಸಂಕಟ.

ಆ ಕಟ್ಟಡಾನೇ ಒಮ್ಮೆ ಪಾಲು ಕಳ್ಕೊಳ್ಳೋದ್ರಲ್ಲಿತ್ತು ಗೊತ್ತಾ? 1982ರ ಹೊತ್ತಿಗೆ ಹಳೇದಾಯ್ತು, ಕೆಡವೋಣ ಅಂತ ಹೊರಟಿದ್ರು. ಊರಿನ ಜನ ತಕರಾರು ತೆಗೆದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ರು. ಕೇಸು ನಡೆದಿದ್ದು ಎಲ್ಲಿ ಅಂತೀರಿ? ಅದೇ ಕೆಂಪು ಕಟ್ಟಡದೊಳಗೆ. ಕೆಡವೋ ಮಾತು ಅಲ್ಲಿಗೇ ನಿಂತ್ಹೋಯ್ತು. ಈಗ ಮೆಟ್ರೋಲಿ ವಿಧಾನಸೌಧದ ಸ್ಟೇಷನ್ನಲ್ಲಿ ಇಳಿದ್ರೆ ಎದುರಿಗೇ ಕಾಣುತ್ತೆ. ಕಬ್ಬನ್ ಪಾರ್ಕಿಗೆ ಹೋದಾಗ ಹಿಂಬದಿಯಿಂದ್ಲೂ ಒಂದ್ಸಲ ನೋಡ್ಕೊಂಡು ಬನ್ನಿ.