ಎಲ್ಲರ ಗೋಡೆಯನ್ನು ಕಾದವರು

‘ಇಲ್ಲಿ ಜಾಹೀರಾತು ಅಂಟಿಸಬಾರದು’ ಎಂಬ ಬರಹವನ್ನು ನಾವೆಲ್ಲ ನಮ್ಮ ಊರಿನ ಗೋಡೆಗಳ ಮೇಲೆ ಕಂಡಿದ್ದೇವೆ. ಆ ಬರಹದ ಮೇಲೆಯೇ ಪೋಸ್ಟರ್ ಅಂಟಿಸಿರುವುದನ್ನೂ ಕಂಡಿದ್ದೇವೆ. ಗೋಡೆ ಒಬ್ಬರದಾದರೆ ಮನೆಯವರು ಕಿತ್ತೆಸೆಯುತ್ತಾರೆ. ಆದರೆ ಗೋಡೆ ಎಲ್ಲರದ್ದಾದರೆ ಕೀಳಬೇಕಾದವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರು ಯಾರು? ಜಾಹೀರಾತು ಕೀಳುವ ನೆಪದಲ್ಲಿ ತಮಗೆ ಹಿಡಿಸದ ಅಭಿಪ್ರಾಯವನ್ನೂ ಅವರು ಕಿತ್ತರೆ ಗತಿಯೇನು? ಕಂಪ್ಯೂಟರ್ ಜಾಲಗಳ ಆರಂಭದ ದಿನಗಳಲ್ಲಿ ಕೆಲವರು ಈ ಪ್ರಶ್ನೆಗಳನ್ನು ಎದುರಿಸಿ, ಸಂಬಳವೂ ಸನ್ಮಾನವೂ ಇಲ್ಲದೆ ಉತ್ತರ ಹುಡುಕಿದ್ದರು. ಇಂದು ಅವರನ್ನು ನೆನೆಯುವವರು ಕಡಿಮೆ.

1978ರ ಮೇ ತಿಂಗಳು. ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ನಡೆಯುತ್ತಿದ್ದ ಅರ್ಪಾನೆಟ್ ಎಂಬ ಜಾಲವನ್ನು ಸಂಶೋಧಕರು ಬಳಸುತ್ತಿದ್ದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪೆನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್, ತಮ್ಮ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬನ್ನಿ ಎಂದು ಸುಮಾರು 400 ಮಂದಿಗೆ ಒಂದೇ ಸಂದೇಶವನ್ನು ಕಳುಹಿಸಿದರು. ಯಾರೂ ಅದನ್ನು ಕೇಳಿರಲಿಲ್ಲ. ವಿಳಾಸಗಳ ಪಟ್ಟಿ ಎಷ್ಟು ಉದ್ದವಾಗಿತ್ತೆಂದರೆ, ವಿಳಾಸದ ಜಾಗದಲ್ಲಿ ಹಿಡಿಯದೆ ಸಂದೇಶದೊಳಗೂ ಹರಿದಿತ್ತು. ಇದು ನಿಯಮದ ಉಲ್ಲಂಘನೆಯೆಂದು ಜಾಲದ ಅಧಿಕಾರಿಗಳು ಖಂಡಿಸಿದರು. ಆಗ ಒಂದು ಎಚ್ಚರಿಕೆಯೇ ಸಾಕಾಯಿತು. ಜಾಲಕ್ಕೆ ಒಬ್ಬ ಯಜಮಾನನಿದ್ದುದೇ ಅದಕ್ಕೆ ಕಾರಣ.

ಯಜಮಾನನೇ ಇಲ್ಲದ ಜಾಲವೊಂದು ಸ್ವಲ್ಪ ಕಾಲದಲ್ಲೇ ಹುಟ್ಟಿಕೊಂಡಿತು. ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ರೂಪಿಸಿದ ಯೂಸ್‌ನೆಟ್ ವಿಷಯವಾರು ಚರ್ಚಾ ಗುಂಪುಗಳ ಜಾಲ. ಒಬ್ಬರು ಬರೆದದ್ದು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ನಕಲಾಗುತ್ತ ಲೋಕವೆಲ್ಲ ಸುತ್ತುತ್ತಿತ್ತು. ಬರೆಯುವವನಿಗೆ ಖರ್ಚು ಹೆಚ್ಚು ಇಲ್ಲ. ಸಂದೇಶ ಇಟ್ಟುಕೊಳ್ಳುವ ಹೊರೆ, ಸಾಗಿಸುವ ಖರ್ಚು ಉಳಿದವರ ತಲೆಯ ಮೇಲೆ. ಮುಂದಿನ ಸಮಸ್ಯೆಯ ಬೇರು ಇಲ್ಲೇ ಇತ್ತು.

ಯೂಸ್‌ನೆಟ್ಟಿನಲ್ಲಿ ವ್ಯಾಪಾರ ನಿಷಿದ್ಧವಾಗಿತ್ತೆಂದು ತಿಳಿಯಬಾರದು. ವ್ಯಾಪಾರಕ್ಕೆ, ಹಳೆಯ ವಸ್ತುಗಳ ಮಾರಾಟಕ್ಕೆ, ಉದ್ಯೋಗದ ಪ್ರಕಟಣೆಗೆ ಪ್ರತ್ಯೇಕ ಗುಂಪುಗಳಿದ್ದವು. ಸಂತೆಯಲ್ಲಿ ಕೂಗಿ ಮಾರುವವನನ್ನು ಯಾರೂ ಆಕ್ಷೇಪಿಸುವುದಿಲ್ಲ. ಅವನೇ ವಾಚನಾಲಯಕ್ಕೆ ಬಂದು ಕೂಗಿದರೆ ಆಕ್ಷೇಪ ಬರುತ್ತದೆ. ಕೆಲವು ಗುಂಪುಗಳು ಒಬ್ಬ ಸ್ವಯಂಸೇವಕನನ್ನು ಬಾಗಿಲಲ್ಲಿ ಕೂರಿಸಿದವು. ಅವನು ಓದಿ ಒಪ್ಪಿದ ಮೇಲಷ್ಟೇ ಬರಹ ಪ್ರಕಟವಾಗುತ್ತಿತ್ತು. ಆದರೆ ಬಹುಪಾಲು ಗುಂಪುಗಳ ಬಾಗಿಲು ತೆರೆದೇ ಇತ್ತು.

1993ರಲ್ಲಿ ರಿಚರ್ಡ್ ಡೆಪ್ಯೂ ಎಂಬವರು ಅನುಚಿತ ಸಂದೇಶಗಳನ್ನು ತಾನಾಗಿ ಅಳಿಸುವ ತಂತ್ರಾಂಶವೊಂದನ್ನು ಬರೆದರು. ಅದರಲ್ಲೊಂದು ದೋಷವಿತ್ತು. ಮಾರ್ಚ್ 31ರ ರಾತ್ರಿ ಅದು ತನ್ನ ಸಂದೇಶಕ್ಕೆ ತಾನೇ ಉತ್ತರಿಸುತ್ತಾ ಒಂದೇ ಗುಂಪಿಗೆ ಸುಮಾರು 200 ಸಂದೇಶಗಳನ್ನು ಸುರಿಯಿತು. ಈ ಪ್ರವಾಹವನ್ನು ಓದುಗರು ‘ಸ್ಪ್ಯಾಮ್’ ಎಂದು ಕರೆದರು. ಅದು ಮೂಲತಃ ಹಂದಿ ಮಾಂಸದ ಡಬ್ಬಿಯೊಂದರ ಹೆಸರು. 1970ರ ಬ್ರಿಟಿಷ್ ಟಿ.ವಿ. ಹಾಸ್ಯ ಪ್ರಸಂಗವೊಂದರಲ್ಲಿ ಆ ಪದವನ್ನು ಕಿವಿ ತೂತಾಗುವಷ್ಟು ಬಾರಿ ಕೂಗಲಾಗಿತ್ತು. ಕಸ ಗುಡಿಸಲು ಬಂದ ಪೊರಕೆಯೇ ಕಸವಾದ ಈ ಪ್ರಸಂಗ, ಕಾಯುವವನೂ ಹಾನಿ ಮಾಡಬಲ್ಲನೆಂಬ ಪಾಠವನ್ನು ಮೊದಲೇ ಕಲಿಸಿತು.

ನಿಜವಾದ ಪರೀಕ್ಷೆ ಎದುರಾದದ್ದು 1994ರಲ್ಲಿ. ಜನವರಿಯಲ್ಲಿ ಲೋಕಾಂತ್ಯ ಸಮೀಪಿಸಿತೆಂದು ಸಾರುವ ಧಾರ್ಮಿಕ ಸಂದೇಶವೊಂದು ಎಲ್ಲ ಗುಂಪುಗಳಲ್ಲೂ ಕಾಣಿಸಿಕೊಂಡಿತು. ಏಪ್ರಿಲ್ 12ರಂದು ಅರಿಝೋನಾದ ವಕೀಲ ದಂಪತಿಗಳಾದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ಅಮೆರಿಕದ ‘ಗ್ರೀನ್ ಕಾರ್ಡ್ ಲಾಟರಿ’ಗೆ ಅರ್ಜಿ ತುಂಬಿಕೊಡುವ ತಮ್ಮ ಸೇವೆಯ ಜಾಹೀರಾತನ್ನು 5,500ಕ್ಕೂ ಹೆಚ್ಚು ಗುಂಪುಗಳಿಗೆ ಬೇರೆ ಬೇರೆಯಾಗಿ ಅಂಟಿಸಿದರು. ಆ ಲಾಟರಿಗೆ ಅರ್ಜಿ ಹಾಕಲು ಶುಲ್ಕವಾಗಲಿ ವಕೀಲರಾಗಲಿ ಬೇಕಿರಲಿಲ್ಲ. ಭಾರತದಲ್ಲಿ ಹುಟ್ಟಿದವರಿಗೆ ಅದರಲ್ಲಿ ಅವಕಾಶವೂ ಇರಲಿಲ್ಲ. ಸಿಟ್ಟಿಗೆದ್ದ ಓದುಗರ ದೂರುಗಳ ಹೊರೆಗೆ ಆ ದಂಪತಿಗೆ ಸಂಪರ್ಕ ಒದಗಿಸಿದ್ದ ಕಂಪೆನಿಯ ಕಂಪ್ಯೂಟರುಗಳೇ ಕುಸಿದವು. ದಂಪತಿಗೆ ನಾಚಿಕೆಯಾಗಲಿಲ್ಲ. ಒಂದು ಲಕ್ಷ ಡಾಲರ್ ವ್ಯಾಪಾರವಾಯಿತೆಂದು ಹೇಳಿಕೊಂಡರು; ಜಾಲದಲ್ಲಿ ಹಣ ಮಾಡುವುದು ಹೇಗೆಂದು ಪುಸ್ತಕವನ್ನೂ ಬರೆದರು. 1997ರಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಕ್ಯಾಂಟರ್‌ರ ವಕೀಲಿ ಪರವಾನಗಿ ರದ್ದಾಯಿತು. ಅದರ ಕಾರಣಗಳಲ್ಲಿ ಈ ಜಾಹೀರಾತೂ ಒಂದು.

ಇನ್ನು ಸುಮ್ಮನಿದ್ದರೆ ಗೋಡೆಯೇ ಉಳಿಯದೆಂದು ಕೆಲವರಿಗೆ ಅನ್ನಿಸಿತು. ತಾನು ಬರೆದದ್ದನ್ನು ತಾನೇ ಹಿಂಪಡೆಯುವ ಸೌಲಭ್ಯವೊಂದು ಯೂಸ್‌ನೆಟ್ಟಿನಲ್ಲಿತ್ತು. ಅದನ್ನೇ ಬಳಸಿ, ಬರೆದವನ ಹೆಸರಿನಲ್ಲಿ ರದ್ದತಿಯ ಆದೇಶ ಹೊರಡಿಸಿ, ಸ್ಪ್ಯಾಮನ್ನು ಅಳಿಸತೊಡಗಿದರು. ‘ಕ್ಯಾನ್ಸಲ್‌ಮೂಸ್’ ಎಂಬ ಗುಪ್ತನಾಮದ ವ್ಯಕ್ತಿ ಇವರಲ್ಲಿ ಪ್ರಸಿದ್ಧ. ಆದರೆ ಇನ್ನೊಬ್ಬರ ಹೆಸರಿನಲ್ಲಿ ಆದೇಶ ಹೊರಡಿಸುವುದು ಒಂದರ್ಥದಲ್ಲಿ ನಕಲಿ ಸಹಿಯಲ್ಲವೇ? ಇಂದು ಜಾಹೀರಾತು ಅಳಿಸುವವರು ನಾಳೆ ವಿರೋಧಿಯ ಮಾತನ್ನು ಅಳಿಸುವುದಿಲ್ಲವೆಂದು ನಂಬುವುದು ಹೇಗೆ? ಈ ಸಂಶಯ ಸಹಜವೇ ಆಗಿತ್ತು.

ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಈ ಇತಿಹಾಸದ ತಿರುಳು. ಸಂದೇಶದಲ್ಲಿ ಏನಿದೆ ಎಂಬುದನ್ನು ಅವರು ನೋಡಲಿಲ್ಲ. ಎಷ್ಟು ಬಾರಿ ಹಾಕಲಾಗಿದೆ ಎಂಬುದನ್ನಷ್ಟೇ ಎಣಿಸಿದರು. ಸೇತ್ ಬ್ರೀಡ್‌ಬಾರ್ಟ್ ಇದಕ್ಕೊಂದು ಲೆಕ್ಕದ ಸೂತ್ರ ಕೊಟ್ಟರು. ಒಂದೇ ಪ್ರತಿಯನ್ನು 9 ಗುಂಪುಗಳಲ್ಲಿ ಹಂಚಿಕೊಂಡರೆ 3 ಅಂಕ. 9 ಗುಂಪುಗಳಿಗೆ 9 ಬೇರೆ ಪ್ರತಿಗಳನ್ನು ಹಾಕಿದರೆ 9 ಅಂಕ. 45 ದಿನಗಳಲ್ಲಿ ಅಂಕ 20 ದಾಟಿದರೆ ಆ ಸಂದೇಶ ಸ್ಪ್ಯಾಮ್. ಅದು ಔಷಧದ ಜಾಹೀರಾತೇ, ಧರ್ಮಬೋಧೆಯೇ, ರಾಜಕೀಯ ಕರೆಯೇ, ದಾನದ ಮನವಿಯೇ ಎಂಬುದು ಮುಖ್ಯವಲ್ಲ. ಒಳ್ಳೆಯ ಮಾತೆಂಬ ಕಾರಣಕ್ಕೆ ರಿಯಾಯಿತಿಯಿಲ್ಲ, ಕೆಟ್ಟ ಮಾತೆಂಬ ಕಾರಣಕ್ಕೆ ಶಿಕ್ಷೆಯಿಲ್ಲ. ಎರಡನೆಯದಾಗಿ, ಏನನ್ನು ಏಕೆ ಅಳಿಸಿದೆವೆಂದು ಎಲ್ಲರೆದುರು ಪ್ರಕಟಿಸುತ್ತಿದ್ದರು. ಮೂರನೆಯದಾಗಿ, ಈ ರದ್ದತಿಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಹಕ್ಕು ಪ್ರತಿಯೊಂದು ಕೇಂದ್ರಕ್ಕೂ ಇತ್ತು.

ಇದೇ ಶಿಸ್ತು ಅವರಿಗೆ ಬಲವನ್ನೂ ಕೊಟ್ಟಿತು. 1997ರ ಆಗಸ್ಟ್‌ನಲ್ಲಿ, ಸ್ಪ್ಯಾಮ್ ತಡೆಯದ ದೊಡ್ಡ ಅಂತರ್ಜಾಲ ಕಂಪೆನಿ ಯುಯುನೆಟ್‌ನಿಂದ ಬರುವ ಎಲ್ಲ ಸಂದೇಶಗಳನ್ನೂ ರದ್ದುಪಡಿಸುವುದಾಗಿ ಸ್ವಯಂಸೇವಕರು ಸಾರಿದರು. ಅದರಲ್ಲಿ ನಿರಪರಾಧಿಗಳಿಗೂ ತೊಂದರೆಯಿತ್ತೆಂಬುದು ನಿಜ. ಆದರೆ ಕೆಲವೇ ದಿನಗಳಲ್ಲಿ ಕಂಪೆನಿ ಕ್ರಮಕ್ಕೆ ಮುಂದಾಯಿತು.

ಹಾಗಿದ್ದೂ ಅವರು ಕೊನೆಗೆ ಗೆಲ್ಲಲಿಲ್ಲ. ಎರಡು ವರ್ಷಗಳಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುವುದೆಂದು 2004ರಲ್ಲಿ ಬಿಲ್ ಗೇಟ್ಸ್ ಹೇಳಿದ್ದರು, ಅದು ಬಗೆಹರಿಯಲಿಲ್ಲ. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿಯಲ್ಲಿ ಯೂಸ್‌ನೆಟ್ಟಿನ ಹೊಸ ಸಂದೇಶಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದಾಗ, ಕೊಟ್ಟ ಕಾರಣಗಳಲ್ಲಿ ಸ್ಪ್ಯಾಮ್ ಕೂಡ ಇತ್ತು. ಜನರು ಖಾಸಗಿ ಕಂಪೆನಿಗಳ ಅಂಗಳಕ್ಕೆ ಹೋಗಿಬಿಟ್ಟಿದ್ದರು. ಅಲ್ಲಿ ಕಸ ಗುಡಿಸುವವರಿದ್ದಾರೆ, ಆದರೆ ಏನನ್ನು ಏಕೆ ಗುಡಿಸಿದರೆಂದು ಕೇಳಿದರೆ ತೃಪ್ತಿಕರ ಉತ್ತರ ಸಿಗುವುದು ಅಪರೂಪ. ಹಣ ಕೊಟ್ಟವನ ಜಾಹೀರಾತಿಗೆ ಗೋಡೆಯ ಮಧ್ಯದಲ್ಲೇ ಜಾಗ.

ಹಳೆಯ ಪದ್ಧತಿ ಪೂರ್ತಿ ಅಳಿದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸ್ವಪ್ರಚಾರದ ಲೇಖನಗಳನ್ನು ತೆಗೆದುಹಾಕುವವರು ಸ್ವಯಂಸೇವಕ ನಿರ್ವಾಹಕರೇ. ಅಲ್ಲಿ ಪ್ರತಿಯೊಂದು ಅಳಿಸುವಿಕೆಯೂ ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಉಳಿಯುತ್ತದೆ.

ನಮ್ಮ ಮನೆ, ಜಮಾಅತ್, ಶಾಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಈಗ ಇದೇ ಪ್ರಶ್ನೆಯಿದೆ. ಅಡ್ಮಿನ್ ಆದವರು ತಮ್ಮ ನೆಂಟರ ಅಂಗಡಿಯ ಜಾಹೀರಾತನ್ನು ಬಿಟ್ಟು, ಪರರದ್ದನ್ನು ಮಾತ್ರ ಅಳಿಸಿದರೆ ಅದು ಕಾವಲಲ್ಲ, ಪಕ್ಷಪಾತ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು, ಮಾಡಿದ್ದನ್ನು ಬಹಿರಂಗವಾಗಿ ಹೇಳುವುದು - ಗೋಡೆ ಕಾಯುವವರಿಗೆ ಅಂದಿಗೂ ಇಂದಿಗೂ ಇಷ್ಟೇ ಅರ್ಹತೆ. ಅದನ್ನು ಮರೆತವರ ಕೈಗೆ ಪೊರಕೆ ಕೊಡುವುದು ಪೋಸ್ಟರ್ ಅಂಟಿಸುವವನ ಕೈಗೆ ಗೋಂದು ಕೊಡುವುದಕ್ಕಿಂತ ಅಪಾಯಕರ.